ಅಮ್ಮನಿಗೆ ರೈಶಿ ಅಣಬೆಯ ಕ್ಯಾಪ್ಸೂಲ್ ಕೊಡಬಹುದೇ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ಈಗ ಕಿಮೋ ನಡೆಯುತ್ತಿದೆ. ಬಂಧುವೊಬ್ಬರು ರೈಶಿ ಕ್ಯಾಪ್ಸೂಲ್ ತಂದುಕೊಟ್ಟು, ಇದನ್ನು ತಿಂದರೆ ರೋಗ ಬೇರೆ ಕಡೆ ಹರಡುವುದಿಲ್ಲ ಎನ್ನುತ್ತಿದ್ದಾರೆ. ಅಮ್ಮನಿಗೂ ಆಸೆ ಹುಟ್ಟಿದೆ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಮ್ಮ ಯಜಮಾನರಿಗೆ ಕಾಯಿಲೆ ಬಂದಾಗ ಇಂಥದೇ ಡಬ್ಬಿ ನಮ್ಮ ಮನೆಗೂ ಬಂದಿತ್ತು. ಬೆಲೆ ಹೇಳಿದರೆ ನಿಮಗೇ ಸಿಟ್ಟು ಬರುತ್ತದೆ. ವೈದ್ಯರು ಕೇಳಿದ್ದು ಒಂದೇ: ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ಹೌದು ಎಂದೆವು. ರೈಶಿ ರಕ್ತಸ್ರಾವವನ್ನು ಹೆಚ್ಚಿಸಬಹುದು, ಕಿಮೋದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬೇರೆ ಇಳಿಯುತ್ತವೆ, ಬೇಡ ಎಂದರು. ಡಬ್ಬಿ ತೆರೆಯಲೇ ಇಲ್ಲ.

ಉತ್ತರ 2: ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನಿಮ್ಮ ಬಂಧು ಪೂರ್ತಿ ಕಟ್ಟುಕಥೆ ಹೇಳುತ್ತಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳ ಓಡಾಟವನ್ನು ರೈಶಿ ಸಾರ ಕುಗ್ಗಿಸಿದ್ದು ನಿಜ. ಆದರೆ ತಟ್ಟೆಯಲ್ಲಿ ಸಾರ ಕೋಶದ ಮೇಲೆ ನೇರವಾಗಿ ಬೀಳುತ್ತದೆ. ನುಂಗಿದ ಕ್ಯಾಪ್ಸೂಲ್ ಹೊಟ್ಟೆ, ಯಕೃತ್ತು ದಾಟಿ ಹೋಗಬೇಕು. ರೋಗಿಗಳ ಮೇಲಿನ ಪ್ರಯೋಗಗಳನ್ನೆಲ್ಲ ಜಾಲಾಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಜಾಲದ ವಿಮರ್ಶೆಗೆ ಸಿಕ್ಕಿದ್ದು 5 ಅಧ್ಯಯನಗಳು, 373 ಜನ. ರೈಶಿಯನ್ನೇ ಮುಖ್ಯ ಚಿಕಿತ್ಸೆಯಾಗಿ ಕೊಡಲು ಆಧಾರವಿಲ್ಲ ಎಂದಿತು. ಅಣಬೆಯ ಔಷಧಿಗೆ ಜಪಾನಿನ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ 1977ರಲ್ಲಿ ಒಪ್ಪಿಗೆ ಪಡೆದ ಪಿಎಸ್‌ಕೆ ಎಂಬ ಔಷಧಿ ಟರ್ಕಿ ಟೇಲ್ ಎಂಬ ಬೇರೆಯೇ ಅಣಬೆಯದು. 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಟ್ಟೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ 262 ಜನರ ಪೈಕಿ ಕಿಮೋ ಜೊತೆ ಅದನ್ನು ಪಡೆದವರಲ್ಲಿ 73 ಪ್ರತಿಶತ, ಬರೀ ಕಿಮೋ ಪಡೆದವರಲ್ಲಿ 60 ಪ್ರತಿಶತ ಐದು ವರ್ಷ ಬದುಕಿದ್ದರು. ಕಿಮೋವನ್ನು ಯಾರಿಗೂ ಬಿಡಿಸಿರಲಿಲ್ಲ!

ಉತ್ತರ 3: ಅಡಿಕೆ ತೋಟದವನಾದ ನನಗೆ ಗ್ಯಾನೋಡರ್ಮಾ ಎಂದರೆ ಮರದ ಬುಡ ಕೊಳೆಸುವ ಅಣಬೆ ರೋಗ. ಅದೇ ಕುಲದ್ದು ಈ ರೈಶಿ ಎಂದು ತಿಳಿದಾಗ ನಗು ಬಂತು, ಇರಲಿ. ‘ನೈಸರ್ಗಿಕ, ತೊಂದರೆ ಇಲ್ಲ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಯಕೃತ್ತಿನ ಕ್ಯಾನ್ಸರ್ ಇದ್ದ ಜಪಾನಿನ ಮಹಿಳೆಯೊಬ್ಬರು ಆರು ತಿಂಗಳು ಚಾಗಾ ಎಂಬ ಇನ್ನೊಂದು ಅಣಬೆಯ ಪುಡಿ ತಿಂದು, ಅದರಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕದಿಂದ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಹೋದದ್ದು ವೈದ್ಯಕೀಯ ವರದಿಯಲ್ಲಿದೆ. ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಮುಂದಿನ ಕಿಮೋಗೆ ಹೋಗಿ, ವೈದ್ಯರಿಗೆ ತೋರಿಸಿ. ಅಮ್ಮನಿಗೆ ಅಣಬೆಯೇ ಬೇಕೆಂದಿದ್ದರೆ, ವೈದ್ಯರು ಪಥ್ಯ ಹೇಳಿರದಿದ್ದರೆ, ಪೇಟೆಯ ಬಟನ್ ಅಣಬೆಯನ್ನು ಚೆನ್ನಾಗಿ ಬೇಯಿಸಿ ಪಲ್ಯ ಮಾಡಿಕೊಡಿ.