ಟ್ರಾಲಿ ಗಾರ್ಡ್ ಖರೇನೇ ‘ಪಾಸ್’ ಆಗ್ಯದೇನ್ರಿ? (ಕಲಬುರಗಿ ಮೆಕ್ಯಾನಿಕಲ್ ಹಳೇ ವಿದ್ಯಾರ್ಥಿಗಳ ಗುಂಪು)

ಮಲ್ಲಣ್ಣ, 7:42
(ವಿಡಿಯೊ, 12 ಸೆಕೆಂಡ್) (ಪಿಡಿಎಫ್, 3 ಪುಟ)
ನೋಡ್ರಪ್ಪಾ, ಫೈನಲ್ ಇಯರ್ ಹುಡುಗ್ರ ಪ್ರಾಜೆಕ್ಟ್. ಕಬ್ಬು, ತೊಗರಿ ಹೊರೋ ಟ್ರಾಲಿ ಕೆಳಗ ಕಾರ್ ನುಗ್ಗದಂಗ ಹಿಂದ ಹಾಕೋ ಗಾರ್ಡ್. ಕಾರ್ 56 ಕಿ.ಮೀ. ವೇಗದಾಗ ಬಂದು ಗುದ್ದಿದ್ರೂ ಮುಂದಿನ ಗಾಜು ಟ್ರಾಲಿಗಿ ತಾಗಿಲ್ಲ. ಸಿಮ್ಯುಲೇಶನ್ (ಕಂಪ್ಯೂಟರಿನಾಗಿನ ಡಿಕ್ಕಿ ಪರೀಕ್ಷೆ) ಪಾಸ್. ಹುಮನಾಬಾದ್ ರೋಡಿಗಿ ಇಂಥಾದ್ದೇ ಬೇಕಿತ್ತು. ಎಲ್ಲಾ ಗುಂಪಿಗೂ ಫಾರ್ವರ್ಡ್ ಮಾಡ್ರಿ.

ಫಯಾಜ್, 7:44
ಮಸ್ತ್ ಅದ ಅಣ್ಣಾ. ಡ್ರಾಯಿಂಗ್ ಕಳಸ್ರಿ, ವರ್ಕ್‌ಶಾಪಿನಾಗ ಸೋಮವಾರಕ್ಕೇ ಹತ್ತು ಮಾಡಿ ಹಾಕ್ತೀನಿ.

ಶರಣು, 7:51
ಫಯಾಜ್ ಭಾಯಿ, ಜರಾ ತಡೀರಿ. ಮಲ್ಲಣ್ಣ, ವಿಡಿಯೊ ಬಿಡ್ರಿ. ಮೂರನೇ ಪುಟದಾಗ ಎನರ್ಜಿ ಗ್ರಾಫ್ ಅದಲ್ಲ, ದೊಡ್ಡದು ಮಾಡಿ ನೋಡ್ರಿ. ಕೈನೆಟಿಕ್ ಎನರ್ಜಿ (ಓಟದ ಶಕ್ತಿ) ಎಷ್ಟರಿಂದ ಶುರು ಆಗ್ಯದ?

ಮಲ್ಲಣ್ಣ, 7:53
150 ಕಿಲೋಜೂಲ್. ಯಾಕ?

ಶರಣು, 7:56
ಮೊದಲ ಪುಟದಾಗ ಕಾರಿನ ತೂಕ 1100 ಕೆ.ಜಿ. ಅಂತ ಬರ್ದಾರ. 56 ಅಂದ್ರ ಸೆಕೆಂಡಿಗಿ 15.56 ಮೀಟರ್. ಅರ್ಧ ಎಂವಿ ಸ್ಕ್ವೇರ್ ಹಾಕ್ರಿ, 133 ಬರ್ತದ. ಮ್ಯಾಲಿನ 17 ಎಲ್ಲಿಂದ ಬಂತು? ವೇಗ ಅದೇ ಇದ್ರ ತೂಕ 1240 ಇರ್ಬೇಕು. 140 ಕೆ.ಜಿ. ದೆವ್ವದಂಗ ಬಂದು ಕೂತದ.

ಸುವರ್ಣಾ, 7:57
ಇಬ್ಬರ್ನ ಒಳಗ ಕೂಡ್ಸಿರ್ಬೇಕು ಬಿಡು 😄

ಶರಣು, 8:03
ಕೂಡ್ಸಿದ್ರ ಬರೀತಿದ್ರು ಸುವರ್ಣಕ್ಕ. ಇದು ಮಾಸ್ ಸ್ಕೇಲಿಂಗ್, ಲೆಕ್ಕ ಬೇಗ ಮುಗೀಲಿ ಅಂತ ಸುಳ್ಳು ತೂಕ ಸೇರ್ಸೋದು. ಎಲ್‌ಎಸ್ ಡೈನಾ ಸಾಫ್ಟ್‌ವೇರಿನಾಗ ಕಾರು, ಗಾರ್ಡು ಎಲ್ಲಾ ಸಣ್ಣ ತುಂಡು (ಎಲಿಮೆಂಟ್) ಮಾಡಿ, ವ್ಯಾಳ್ಯಾ ಸಣ್ಣ ಹೆಜ್ಜಿ (ಟೈಮ್ ಸ್ಟೆಪ್) ಮಾಡಿ ಲೆಕ್ಕ ಹಾಕ್ತಾರ. ಒಂದು ಸ್ಟೆಪ್ ಎಷ್ಟಿರ್ಬೇಕು ಅಂತ ಎಲ್ಲಕ್ಕಿಂತ ಸಣ್ಣ ಎಲಿಮೆಂಟ್ ಹೇಳ್ತದ. ಸ್ಟೀಲ್ ತಗಡಿನಾಗ ಶಬ್ದದ ಅಲೆ ಸೆಕೆಂಡಿಗಿ ಸುಮಾರು 5400 ಮೀಟರ್ ಓಡ್ತದ. ಅದು 5 ಮಿ.ಮೀ. ಎಲಿಮೆಂಟ್ ದಾಟ್ಲಿಕ್ಕೆ 0.92 ಮೈಕ್ರೊಸೆಕೆಂಡ್, ಸುರಕ್ಷತೆಗಿ 0.9 ಫ್ಯಾಕ್ಟರ್ ಹಚ್ಚಿದ್ರ 0.83. ಅಂದ್ರ 80 ಮಿಲಿಸೆಕೆಂಡಿನ ರನ್ನಿಗಿ ಲಕ್ಷದ ಹತ್ತಿರ ಸ್ಟೆಪ್. ಲ್ಯಾಬ್ ಪಿಸಿ ಮ್ಯಾಲ ಮುಗೀವಲ್ದು ಅಂತ ಹುಡುಗ್ರು ಎರಡನೇ ಪುಟದಾಗ 2 ಮೈಕ್ರೊಸೆಕೆಂಡ್ ಅಂತ ಒತ್ತಿ ಕೂಡ್ಸ್ಯಾರ. ಆಗ ಸಾಫ್ಟ್‌ವೇರ್ ಏನ್ ಮಾಡ್ತದ? ಸಣ್ಣ ಎಲಿಮೆಂಟಿಗಿ ತಾನೇ ತೂಕ ಹಾಕ್ತದ. ಸ್ಟೆಪ್ 2.4 ಪಟ್ಟು ಬೇಕಂದ್ರ ತೂಕ ಅದರ ವರ್ಗ, ಹತ್ತಿರ ಹತ್ತಿರ 6 ಪಟ್ಟು.

ಮಲ್ಲಣ್ಣ, 8:06
ಹಂಗಂದ್ರ ಛಲೋನೇ ಆಯ್ತಲ್ಲೋ! ತೂಕ ಹೆಚ್ಚಿದ್ರ ಪೆಟ್ಟೂ ಜೋರು. ಜೋರು ಪೆಟ್ಟು ತಡಕೊಂಡ ಗಾರ್ಡ್ ಹಗರು ಪೆಟ್ಟು ತಡ್ಕೊಳ್ಳಲ್ಲೇನು?

ಸುವರ್ಣಾ, 8:07
ಅದೂ ಖರೇನೇ ಅದ ಶರಣು.

ಶರಣು, 8:15
ಖರೆ ಅನಿಸ್ತದ, ಆದ್ರ ಅಲ್ಲ. ಆ ತೂಕ ಡಿಕ್ಕಿಯೊಳಗ ಮೂಟೆ ಇಟ್ಟಂಗ ಕೂತಿಲ್ಲ. ಸಣ್ಣ ಎಲಿಮೆಂಟ್ ಎಲ್ಲಿರ್ತಾವ? ಮುಂದಿನ ರೇಲಿನ (ಬಂಪರ್ ಹಿಂದಿನ ಉದ್ದ ಸ್ಟೀಲ್ ತೊಲಿ) ಮೂಲಿ, ತೂತಿನ ಸುತ್ತ, ವೆಲ್ಡ್ ಹತ್ತಿರ. ಅಂದ್ರ ಮಡಚಬೇಕಾದ ಜಾಗದಾಗೇ. ಅಲ್ಲಿ ಆರು ಪಟ್ಟು ಭಾರದ ತಗಡು ಬಂದ್ರ ಮಡಚೋ ರೀತಿನೇ ಬದಲಾಗ್ತದ. ಕಾರಿನ ಒಟ್ಟು ತೂಕದಾಗ ಒಂದೆರಡು ಪರ್ಸೆಂಟ್ ಆದ್ರ ಯಾರೂ ತಕರಾರು ಮಾಡಲ್ಲ. ಇದು 12.7.

ಇನ್ನ ದೊಡ್ಡದು ಬ್ಯಾರೆ ಅದ. ಅದೇ ಗ್ರಾಫಿನ ಕೊನಿಗಿ, 80 ಮಿಲಿಸೆಕೆಂಡಿನಾಗ, ನಾಲ್ಕೂ ಗೆರಿ ಓದ್ರಿ: ಇಂಟರ್ನಲ್ (ಲೋಹ ಬಾಗಿ ತಿಂದದ್ದು) 98, ಅವರ್‌ಗ್ಲಾಸ್ (ಲೆಕ್ಕದಾಗಿನ ಸುಳ್ಳು ಕುಣಿತ ತಡೀಲಿಕ್ಕೆ ಹೋದದ್ದು) 24, ಸ್ಲೈಡಿಂಗ್ (ಒಂದಕ್ಕೊಂದು ತಾಗಿ ತಿಕ್ಕಿದ್ದು) 8, ಕೈನೆಟಿಕ್ 20.

ಮಲ್ಲಣ್ಣ, 8:17
ಕೂಡಿದ್ರ 150. ಬರಾಬರ್ ಅದ. ಟೋಟಲ್ ಎನರ್ಜಿ ಗೆರಿ ಹಗ್ಗ ಎಳದಂಗ ನೆಟ್ಟಗ ಹೋಗ್ಯದ. ಅದನ್ನೇ ನೋಡ್ಬೇಕು ಅಂತ ನಾನೇ ಹುಡುಗ್ರಿಗಿ ಹೇಳಿದ್ದು.

ಶರಣು, 8:26
ಗೆರಿ ನೆಟ್ಟಗಿದ್ರ ಲೆಕ್ಕ ಸೋರಿಲ್ಲ ಅಂತಷ್ಟೇ ಅರ್ಥ ಅಣ್ಣಾ. ಲೆಕ್ಕ ಸರಿ ಅದ ಅಂತಲ್ಲ. ಹುಡುಗ್ರು ಕಂಟ್ರೋಲ್ ಎನರ್ಜಿ ಕಾರ್ಡಿನಾಗ (ಸಾಫ್ಟ್‌ವೇರಿಗಿ ಕೊಡೋ ಸೆಟ್ಟಿಂಗ್) ಅವರ್‌ಗ್ಲಾಸ್ ಎಣಿಸೋದಕ್ಕ 2 ಅಂತ ಕೊಟ್ಟಾರ, ಅದು ಮೆಚ್ಚಬೇಕಾದ್ದೇ. ಕೊಡದಿದ್ರ ಈ 24 ಗ್ರಾಫಿನಾಗ ಕಾಣ್ತಿರ್ಲಿಲ್ಲ, ಟೋಟಲ್ ಗೆರಿ ಕೆಳಗ ಜಾರ್ತಿತ್ತು.

ಈಗ ವಿಡಿಯೊ 4ನೇ ಸೆಕೆಂಡಿಗಿ ನಿಲ್ಲಿಸ್ರಿ. ಗಾರ್ಡಿನ ಅಡ್ಡ ಪೈಪಿನ ಹಿಂದಿನ ಮಗ್ಗಲ ನೋಡ್ರಿ. ಎಲಿಮೆಂಟಿನ ಗೆರಿ ಗರಗಸದ ಹಲ್ಲಿನಂಗ ಒಂದು ಮ್ಯಾಲ ಒಂದು ಕೆಳಗ ಕಾಣ್ತಾವಲ್ಲ? ಸ್ಟೀಲ್ ಹಂಗ ಬಾಗಲ್ಲ. ಒಂದೇ ಇಂಟಿಗ್ರೇಶನ್ ಪಾಯಿಂಟಿನ (ಲೆಕ್ಕದ ಬಿಂದು) ಶೆಲ್ ಅದು, ಅಂದ್ರ ತಗಡಿನ ಎಲಿಮೆಂಟ್. ನಡುವಿನ ಒಂದೇ ಬಿಂದುವಿನಾಗ ಸ್ಟ್ರೇನ್ (ಎಷ್ಟು ಹಿಗ್ಗಿ ಕುಗ್ಗ್ಯದ ಅಂತ) ಅಳೀತದ. ನಾಲ್ಕು ಮೂಲಿ ಡೊಂಕಾಗಿ ಕುಣದ್ರೂ ನಡುವಿನ ಬಿಂದುವಿಗಿ ಏನೂ ತಿಳ್ಯಲ್ಲ. ಆ ಕುಣಿತ ತಡೀಲಿಕ್ಕೆ ಸಾಫ್ಟ್‌ವೇರ್ ಇಲ್ಲದ ಬಲ ಹಚ್ಚಿ ಹಿಡೀತದ, ಅದು ತಿಂದ ಲೆಕ್ಕ ಈ 24. ಇಂಟರ್ನಲ್‌ನ ಹತ್ತು ಪರ್ಸೆಂಟ್ ದಾಟಬಾರದು, ಐದರೊಳಗಿದ್ರ ಛಲೋ. ಇಲ್ಲಿ 98ಕ್ಕ 24, ಅಂದ್ರ ಕಾಲು ಭಾಗ. ಖರೇ ಗಾರ್ಡಾಗಿದ್ರ ಆ 24 ಕಿಲೋಜೂಲ್ ಅದರ ಮೈಮ್ಯಾಲೇ ಬೀಳ್ತಿತ್ತು.

ಸುವರ್ಣಾ, 8:28
ಕೈನೆಟಿಕ್ 20 ಇನ್ನೂ ಉಳದದಲ್ಲೋ! 1240 ಕೆ.ಜಿ.ಗೆ 20 ಕಿಲೋಜೂಲ್ ಅಂದ್ರ ಸೆಕೆಂಡಿಗಿ 5.7 ಮೀಟರ್. ಕಾರ್ ಇನ್ನೂ 20 ಕಿ.ಮೀ. ವೇಗದಾಗ ಒಳಗ ನುಗ್ಲಿಕತ್ತದ, ಇವರು ಅಲ್ಲಿಗೇ ರನ್ ನಿಲ್ಲಿಸಿ ಗಾಜು ತಾಗಿಲ್ಲ ಅಂತಾರ.

ಶರಣು, 8:29
ಅದನ್ನೇ ಹೇಳೋನಿದ್ದೆ, ನೀವೇ ಹಿಡದ್ರಿ. 120ರಿಂದ 150 ಮಿಲಿಸೆಕೆಂಡ್ ಓಡಿಸ್ಬೇಕಿತ್ತು.

ಮಲ್ಲಣ್ಣ, 8:33
ಆಯ್ತಪ್ಪಾ, ನೀವು ಪುಣೆ, ಚೆನ್ನೈದಾಗ ದೊಡ್ಡ ಸರ್ವರ್ ಮ್ಯಾಲ ಕೂತೀರಿ. ಇಲ್ಲಿ ಹುಡುಗ್ರು ಒಂದೇ ಪಿಸಿ ಮ್ಯಾಲ ರಾತ್ರಿಯೆಲ್ಲಾ ಓಡಿಸ್ಯಾರ. ಕಾರಿನ ಮಾಡೆಲ್ ಅಂತೂ ಅಮೆರಿಕದ್ದು, 2010ರ ಯಾರಿಸ್, ಜಾರ್ಜ್ ಮೇಸನ್ ವಿವಿಯವರು ಎಲ್ಲರಿಗೂ ಬಿಟ್ಟಿದ್ದು. ಖರೇ ಟೆಸ್ಟಿನ ಕೂಡ ತಾಳಿ ನೋಡಿದ್ದು. ಅದನ್ನೂ ಸುಳ್ಳಂತೀರೇನು?

ಸುವರ್ಣಾ, 8:41
ಸುಳ್ಳಲ್ಲ ಮಲ್ಲಣ್ಣ. ಆದ್ರ ಯಾವ ಟೆಸ್ಟಿನ ಕೂಡ ತಾಳಿ ನೋಡ್ಯಾರ ಅನ್ನೋದು ಮುಖ್ಯ. ಗಟ್ಟಿ ಗೋಡಿಗಿ 56ರಾಗ ನೇರ ಗುದ್ದಿದ್ದು. ಅಲ್ಲಿ ಎರಡೂ ರೇಲು, ಬಂಪರ್ ಬೀಮ್ ಪೂರಾ ಕೆಲಸ ಮಾಡ್ತಾವ. ಟ್ರಾಲಿ ಕೆಳಗ ನುಗ್ಗಿದ್ರ ಪೆಟ್ಟು ಬಾನೆಟ್, ಎ-ಪಿಲ್ಲರ್ (ಮುಂದಿನ ಗಾಜಿನ ಮಗ್ಗಲಿನ ಕಂಬ) ಮ್ಯಾಲ ಬೀಳ್ತದ. ಅಲ್ಲಿ ಆ ಮಾಡೆಲ್ ನಂಬ್ಲಿಕ್ಕೆ ಒಂದು ಖರೇ ಟೆಸ್ಟಾದ್ರೂ ಬೇಕು. ನಾ ಅದಕ್ಕೇ ಅನ್ನೋದು, ಟೆಸ್ಟ್ ಇಲ್ಲದ ಸಿಮ್ಯುಲೇಶನ್ ಬರೇ ಚಿತ್ರ.

ಶರಣು, 8:48
ಇದು ಮಾತ್ರ ಒಪ್ಪಲ್ಲ ಅಕ್ಕಾ. ಟೆಸ್ಟೂ ಒಂದೇ ಪ್ರಶ್ನೆಗಿ ಉತ್ತರ ಕೊಡ್ತದ. ಭಾರತ್ ಎನ್‌ಕ್ಯಾಪ್ (ಕಾರಿಗಿ ಸ್ಟಾರ್ ಕೊಡೋ ಡಿಕ್ಕಿ ಪರೀಕ್ಷೆ) 64 ಕಿ.ಮೀ., 40 ಪರ್ಸೆಂಟ್ ಆಫ್‌ಸೆಟ್, ಅಂದ್ರ ಕಾರಿನ 40 ಪರ್ಸೆಂಟ್ ಅಗಲಷ್ಟೇ ಗುದ್ದೋದು. ಎದುರಿಗಿ ಅಲ್ಯುಮಿನಿಯಂ ಜೇನುಗೂಡಿನ ಬ್ಲಾಕು, ಅದು ನೆಲದಿಂದ 200 ಮಿ.ಮೀ. ಎತ್ತರಕ್ಕೇ ಶುರು ಆಗ್ತದ. ರೇಲಿಗಿ ತಾಗೇ ತಾಗ್ತದ. ಟ್ರಾಲಿ ತಳ ಇರೋದು 900ರ ಮ್ಯಾಲ. ಐದು ಸ್ಟಾರಿನ ಕಾರಿಗೂ ಅಲ್ಲಿ ಸ್ಟಾರು ಕೆಲಸಕ್ಕ ಬರಲ್ಲ. ಹತ್ತು ಎತ್ತರ, ನಾಲ್ಕು ವೇಗ, ಎರಡು ಕಾರು ಅಂದ್ರ 80 ಕೇಸು. 80 ಕಾರ್ ಒಡೀತೀರೇನು? ಒಂದು ಒಡದು ಮಾಡೆಲ್ ತಾಳಿ ನೋಡ್ರಿ, ಉಳದ 79 ಕಂಪ್ಯೂಟರಿನಾಗ.

ಸುವರ್ಣಾ, 8:50
ಒಂದಾದ್ರೂ ಒಡೀರಿ ಅಂತಲೇ ನಾನೂ ಅಂದಿದ್ದು.

ಫಯಾಜ್, 8:55
ಜಗಳ ಆಮ್ಯಾಲ ಮಾಡ್ರಿ. ಗಾರ್ಡ್ ಕೆಳಗಿನ ಅಂಚು ನೆಲದಿಂದ 550 ಮಿ.ಮೀ. ಅಂತ ಹಾಕ್ಯಾರ, ಲಾರಿಗಿ ಐಎಸ್ 14812 (ಹಿಂದಿನ ಗಾರ್ಡಿನ ಭಾರತೀಯ ಮಾನದಂಡ) ಹೇಳಿದ್ದೇ ಲೆಕ್ಕ. ಅದು ಸರಿ ಏನು?

ಶರಣು, 9:01
ಲಾರಿಗಿ 550 ಅನ್ನೋದು ಮೀರಬಾರದ ಮಿತಿ ಭಾಯಿ. ಸಣ್ಣ ಕಾರಿನ ಬಂಪರ್ ಬೀಮ್ 400ರಿಂದ 500ರ ನಡುವ ಇರ್ತದ. ಬ್ರೇಕ್ ಹೊಡದಾಗ ಮೂತಿ ಇನ್ನೂ ಐದಾರು ಸೆಂಟಿಮೀಟರ್ ಕೆಳಗಿಳೀತದ. 550ಕ್ಕ ಕಟ್ಟಿದ್ರ ಬೀಮ್ ಗಾರ್ಡಿನ ಕೆಳಗೇ ಹಾದು ಹೋಗ್ತದ. ರಿಪೋರ್ಟಿನ ಕಾರ್ ಬ್ರೇಕ್ ಹೊಡದಿಲ್ಲ, ಮಟ್ಟಸ ಬಂದದ. 400 ಇಟ್ಟು ನೋಡ್ರಿ.

ಫಯಾಜ್, 9:03
400 ಅಂದ್ರ ಹೊಲದ ಬದು ದಾಟುವಾಗ ಕಿತ್ತು ಬರ್ತದ. ಕಪ್ಪು ಮಣ್ಣಿನಾಗ ಚಕ್ರ ಹುಗದ್ರ ಇನ್ನ ಮುಗೀತು. ಹಿಂಜ್ ಹಾಕಿ ಎತ್ತಂಗ ಮಾಡ್ಬೇಕು.

ಶರಣು, 9:12
ಮಾಡ್ರಿ. ಆದ್ರ ರಿಪೋರ್ಟಿನಾಗ ಬ್ರಾಕೆಟ್ ಚಾಸಿಸ್ಸಿಗಿ ‘ಟೈಡ್’ ಅದ, ಚಾಸಿಸ್ ‘ರಿಜಿಡ್’ ಅದ. ಅಂದ್ರ ಬಿಡೋದೂ ಇಲ್ಲ, ಬಾಗೋದೂ ಇಲ್ಲ. ಖರೇ ಲೆಕ್ಕ ಕೈಯಾಗೇ ಮಾಡ್ಬಹುದು. ಬಂಪರಿನಿಂದ ಗಾಜಿನ ಬುಡಕ್ಕ ಸುಮಾರು ಒಂದು ಮೀಟರ್. 0.8 ಮೀಟರಿನಾಗ ನಿಲ್ಲಿಸ್ಬೇಕಂದ್ರ ಸರಾಸರಿ 15 ಜಿ (ಭೂಮಿ ಸೆಳೆತದ 15 ಪಟ್ಟು), ಬಲ 166 ಕಿಲೋನ್ಯೂಟನ್. ಎರಡು ಬ್ರಾಕೆಟ್, ಒಂದೊಂದಕ್ಕ 83. ಚಾಸಿಸ್ಸಿನಿಂದ 450 ಮಿ.ಮೀ. ಕೆಳಗ ಪೆಟ್ಟು ಬಿದ್ರ ಬುಡದಾಗ ಮೊಮೆಂಟ್ (ಬಾಗಿಸೋ ತಿರುವು) 37 ಕಿಲೋನ್ಯೂಟನ್ ಮೀಟರ್. ಡ್ರಾಯಿಂಗಿನಾಗಿನ 100×50 ಸಿ-ಚಾನೆಲ್ ಪೂರಾ ಬಾಗೋದು 9ರಿಂದ 11ಕ್ಕ.

ಮಲ್ಲಣ್ಣ, 9:14
ಮೂರು ಪಟ್ಟು ಮೀರ್ತದ ಅಂದಂಗಾಯ್ತು.

ಶರಣು, 9:15
ಹೌದ್ರಿ. ಸಿಮ್ಯುಲೇಶನ್ ಹಚ್ಚೋ ಮೊದ್ಲೇ ಪೆನ್ನು ಹಾಳಿ ಮ್ಯಾಲ ಕಾಣ್ತಿತ್ತು. ಕ್ರಾಸ್ ಸಪೋರ್ಟ್ (ಓರೆ ಆಧಾರ) ಬೇಕೇ ಬೇಕು.


 


      

ಫಯಾಜ್, 9:25
ವರ್ಕ್‌ಶಾಪಿನಾಗ 50×50×6 ಆಂಗಲ್ ಬಿದ್ದಾವ. ಅದರ್ದೇ ಕ್ರಾಸ್ ಹಾಕ್ಲೇನು, 45 ಡಿಗ್ರಿ?

ಶರಣು, 9:31
45 ಡಿಗ್ರಿ ಇಟ್ರ ಒಂದೊಂದು ಕ್ರಾಸಿನಾಗ 117 ಕಿಲೋನ್ಯೂಟನ್ ಒತ್ತು, ಉದ್ದ 636 ಮಿ.ಮೀ. 50ರ ಆಂಗಲ್ ಗಿಡ್ಡದಿದ್ರ 142 ಹೊರ್ತಿತ್ತು, ಇಷ್ಟುದ್ದಕ್ಕ ಮೊದ್ಲೇ ಡೊಂಕಾಗ್ತದ. 65×65×6 ತಗೋರಿ. ಅದೂ ಸರಾಸರಿ ಬಲಕ್ಕ ಮಾತ್ರ, ಪೀಕ್ ಎರಡು ಪಟ್ಟು ಹೋಗ್ಬಹುದು. ಹಿಂಜ್ ಪಿನ್ನಿಗೂ ಇದೇ ಲೆಕ್ಕ, ಸಿಂಗಲ್ ಶಿಯರ್ ಬ್ಯಾಡ, ಎರಡೂ ಕಡಿ ಹಿಡೀಲಿ.

ಮಲ್ಲಣ್ಣ, 9:38
ಹುಡುಗ್ರಿಗಿ ಹೇಳ್ದೆ. ಗಾರ್ಡಿಗಿ ಶೆಲ್ ಫಾರ್ಮ್ಯುಲೇಶನ್ 16 (ಒಂದಲ್ಲ, ಹೆಚ್ಚು ಬಿಂದುವಿನ ಲೆಕ್ಕ), ಸ್ಟೆಪ್ 0.8 ಮೈಕ್ರೊಸೆಕೆಂಡ್, ರನ್ 150 ಮಿಲಿಸೆಕೆಂಡ್, ಚಾಸಿಸ್ ರಿಜಿಡ್ ತಗದು. ಎಷ್ಟು ದಿನ ಹಿಡೀತದ?

ಶರಣು, 9:40
ಸ್ಟೆಪ್ಪಿನ ಎಣಿಕೆನೇ ಸುಮಾರು 4.7 ಪಟ್ಟು ಆಯ್ತು. 16 ಬರೇ ಗಾರ್ಡಿಗಿ ಹಾಕಿದ್ರ ಅದರಿಂದ ಹೆಚ್ಚು ಹೊರಿ ಇಲ್ಲ. ಮೊದಲ ರನ್ ಎಷ್ಟು ತಾಸು?

ಮಲ್ಲಣ್ಣ, 9:41
14.

ಶರಣು, 9:41
66 ತಾಸು ಅಂತ ಹಿಡೀರಿ. ಯುಪಿಎಸ್ ನೋಡ್ಕೊಳ್ರಿ, ರಿಸ್ಟಾರ್ಟ್ ಫೈಲ್ ಬರಿಯೋದು ಮರೀಬ್ಯಾಡ ಅನ್ರಿ.

ಮಲ್ಲಣ್ಣ, 9:43
(7:42ರ ಸಂದೇಶವನ್ನು ಅಳಿಸಲಾಗಿದೆ)

ಫಯಾಜ್, 9:44
ಅಣ್ಣಾ, ಡ್ರಾಯಿಂಗ್ ಅಳಸ್ಬ್ಯಾಡ್ರಿ, ಆಂಗಲ್ ತರ್ಲಿಕ್ಕೆ ಹೊಂಟೀನಿ. ಒಂದೇ ಮಾಡ್ತೀನಿ, ಹತ್ತಲ್ಲ.