ರಕ್ತ ಹೀರುವವನು ಪ್ರೇಮಿಯಾದದ್ದು ಯಾವಾಗ, ಅವನು ಮಳವಳ್ಳಿ ಸೀಮೆಗೆ ಬರಬಲ್ಲನೇ?

ಪ್ರಶ್ನೆ: ಕುವೆಂಪುನಗರದ ಓದುಗಿ, ಮೈಸೂರು

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಕಳೆದ ಬೇಸಿಗೆಯಲ್ಲಿ ಮೊಮ್ಮಗಳ ಕಪಾಟಿನಲ್ಲಿದ್ದ ರಕ್ತ ಹೀರುವ ವ್ಯಾಂಪೈರ್‌ಗಳ ಪ್ರೇಮಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಓದಿ ಮುಗಿಸಿದೆ. ಮೊದಲೆರಡು ಪುಸ್ತಕಗಳಿಗೆ ನಗು ಬಂದದ್ದು ನಿಜ. ಮೂರನೆಯದನ್ನು ಮಾತ್ರ ರಾತ್ರಿ ಎರಡು ಗಂಟೆಯವರೆಗೆ ಕೆಳಗಿಡಲಾಗಲಿಲ್ಲ. ಆಮೇಲೆ, ಅಂಥದೊಂದು ನೀಳ್ಗತೆಯನ್ನು ಕನ್ನಡದಲ್ಲಿ ನಾನೇ ಏಕೆ ಬರೆಯಬಾರದು ಎಂಬ ಆಸೆ ಹುಟ್ಟಿ, ನನ್ನ ತವರಾದ ಮಳವಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಕಥೆಯನ್ನಿಟ್ಟು ಹನ್ನೆರಡು ಪುಟ ಬರೆದೆ. ಅಲ್ಲಿಗೆ ಕಥೆ ನಿಂತುಹೋಗಿದೆ. ಬಿಳಿಚಿದ ಮುಖದ, ಕಪ್ಪು ಕೋಟಿನ ನನ್ನ ನಾಯಕ ಮುಸ್ಸಂಜೆಯಲ್ಲಿ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತರೆ, ಕಟಾವಿನ ಲೆಕ್ಕ ನೋಡಲು ಬಂದ ಸಕ್ಕರೆ ಕಾರ್ಖಾನೆಯ ಅಧಿಕಾರಿಯಂತೆ ಕಾಣುತ್ತಾನೆಯೇ ಹೊರತು ಯಾವ ಹುಡುಗಿಯ ಎದೆಯೂ ನಡುಗುವಂತೆ ಕಾಣುವುದಿಲ್ಲ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಗೋರಿಯಿಂದೆದ್ದ ಹೆಣವೊಂದು ಪ್ರೇಮಕಥೆಯ ನಾಯಕನಾದದ್ದು ಯಾವಾಗ, ಹೇಗೆ? ಅವನನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ರಕ್ತಪಿಶಾಚಿ’ ಎಂದರೆ ಬೈಗುಳವಾಗುತ್ತದೆ, ‘ಬೇತಾಳ’ ಎಂದರೆ ಓದುಗರು ವಿಕ್ರಮನನ್ನು ಹುಡುಕುತ್ತಾರೆ. ಹೆಣ ಸುಡುವ ನಾಡಿನಲ್ಲಿ ಹೆಣ ಏಳುವ ಕಥೆ ನಿಲ್ಲುವುದಿಲ್ಲ ಎಂದು ನನ್ನ ಗೆಳತಿಯೊಬ್ಬರು ಹೇಳುತ್ತಾರೆ. ಅದು ಸರಿಯೇ?

ಉತ್ತರ 1: ನಿವೃತ್ತ ಗ್ರಂಥಪಾಲಕ, ಸರಸ್ವತೀಪುರಂ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಬಹುಮಟ್ಟಿಗೆ ಖಚಿತವಾದ ಉತ್ತರವಿದೆ: 1819. ಅದಕ್ಕೆ ಮುಂಚಿನ ವ್ಯಾಂಪೈರನನ್ನು ಯಾರೂ ಪ್ರೀತಿಸುವಂತಿರಲಿಲ್ಲ. 1725ರಲ್ಲಿ ಸರ್ಬಿಯಾದ ಕಿಸಿಲೆವೊ ಎಂಬ ಹಳ್ಳಿಯಲ್ಲಿ, ಸತ್ತು ಹೂಳಲ್ಪಟ್ಟ ರೈತನೊಬ್ಬ ರಾತ್ರಿ ಬಂದು ಜನರನ್ನು ಕೊಲ್ಲುತ್ತಿದ್ದಾನೆಂಬ ದೂರಿನ ಮೇಲೆ ಆಸ್ಟ್ರಿಯಾದ ಅಧಿಕಾರಿಯ ಎದುರಿಗೇ ಗೋರಿ ತೆರೆಯಲಾಯಿತು. ಇಂಥ ವರದಿಗಳಲ್ಲಿ ಕಾಣುವ ಹೆಣ ಬಿಳಿಚಿದ್ದಲ್ಲ, ತೆಳ್ಳಗಿದ್ದುದೂ ಅಲ್ಲ. ಊದಿಕೊಂಡು, ಕೆಂಪೇರಿ, ಬಾಯಂಚಿನಲ್ಲಿ ರಕ್ತ ಕಟ್ಟಿದ ಹೆಣ. ಕೊಳೆಯುವ ದೇಹದ ಸಹಜ ಲಕ್ಷಣಗಳಿವು ಎಂದು ಇಂದು ನಮಗೆ ಗೊತ್ತು. ಆಗಲೂ ಗೊತ್ತಿದ್ದವರು ಇಲ್ಲದಿರಲಿಲ್ಲ: ತನ್ನ ವೈದ್ಯ ವಾನ್ ಸ್ವೀಟನ್ ಕೊಟ್ಟ ವರದಿಯನ್ನು ಓದಿದ ಮಹಾರಾಣಿ ಮರಿಯಾ ಥೆರೇಸಾ, ಗೋರಿ ಅಗೆದು ಹೆಣ ಸುಡುವ ಪದ್ಧತಿಯನ್ನು 1755ರಲ್ಲಿ ನಿಷೇಧಿಸಿದಳು.

ಈ ಹಳ್ಳಿಗನನ್ನು ಶ್ರೀಮಂತನನ್ನಾಗಿ ಮಾಡಿದವನು ಜಾನ್ ಪಾಲಿಡೋರಿ. ತಾಂಬೋರಾ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿಗೆ ಬೇಸಿಗೆಯೇ ಬಾರದಿದ್ದ 1816ರಲ್ಲಿ, ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಬಿದ್ದ ಗೆಳೆಯರು ದೆವ್ವದ ಕಥೆಗಳನ್ನು ಕಟ್ಟುವ ಪಂದ್ಯ ಹೂಡಿದರು. ಮೇರಿ ಶೆಲ್ಲಿ ತನ್ನ ಫ್ರಾಂಕೆನ್‌ಸ್ಟೈನನನ್ನು ಕಂಡುಕೊಂಡದ್ದು ಅಲ್ಲಿಯೇ. ಕವಿ ಬೈರನ್ನನ ವೈದ್ಯನಾಗಿ ಜೊತೆಗಿದ್ದ ಪಾಲಿಡೋರಿ, ಬೈರನ್ ಅರ್ಧಕ್ಕೇ ಕೈಬಿಟ್ಟ ಕಥೆಯ ಎಳೆಯನ್ನು ಹಿಡಿದು ‘ದಿ ವ್ಯಾಂಪೈರ್’ ಬರೆದ. ಅದರ ನಾಯಕ ಲಾರ್ಡ್ ರುತ್ವೆನ್ ಬಿಳಿಚಿದ ಮುಖದವನು, ಕುಲೀನ, ಹೆಂಗಸರನ್ನು ಸೆಳೆದು ಹಾಳುಮಾಡುವವನು. ತನ್ನ ಧಣಿಯ ಮೇಲಿನ ಸಿಟ್ಟನ್ನೆಲ್ಲ ವೈದ್ಯ ಅದರಲ್ಲಿ ತೀರಿಸಿಕೊಂಡಿದ್ದಾನೆ ಎನ್ನಬಹುದು. ಇಷ್ಟಾಗಿ 1819ರಲ್ಲಿ ಅದು ಅಚ್ಚಾದದ್ದು ಬೈರನ್ನನ ಹೆಸರಿನಲ್ಲಿ! ಪಾಪ ಪಾಲಿಡೋರಿ.

ಗಮನಿಸಬೇಕಾದದ್ದೆಂದರೆ, ಆಕರ್ಷಣೆ 1819ರಲ್ಲೇ ಬಂದರೂ ಪ್ರೇಮ ಬರಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ದಲ್ಲಿ ಪ್ರೇಮಿ ಎನ್ನುವಂಥ ಕುಲೀನ ನಾಯಕ ಇಲ್ಲ, ಅಲ್ಲಿರುವವನು ಮೀಸೆ ಹೊತ್ತ, ಅಂಗೈಯಲ್ಲಿ ಕೂದಲು ಬೆಳೆದ, ಬಾಯಿ ನಾರುವ ಮುದುಕ. ಅವನು ಹಗಲಿನಲ್ಲಿ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ ಕೂಡ. ಸೂರ್ಯನ ಬೆಳಕಿಗೆ ವ್ಯಾಂಪೈರ್ ಸಾಯುವ ನಿಯಮವನ್ನು ತಂದದ್ದು 1922ರ ಜರ್ಮನ್ ಮೂಕಿಚಿತ್ರ ‘ನೋಸ್ಫೆರಾಟು’. ಮಡಿದ ಹೆಂಡತಿಯೇ ಮರುಹುಟ್ಟು ಪಡೆದು ಬಂದಳೆಂದು ಡ್ರಾಕುಲಾ ಕಣ್ಣೀರಿಡುವುದು ಕೊಪೊಲಾ ಅವರ 1992ರ ಸಿನಿಮಾದಲ್ಲಿ, ಸ್ಟೋಕರ್‌ನಲ್ಲಲ್ಲ. ಪುನರ್ಜನ್ಮದ ಪ್ರೇಮವನ್ನು ನಮ್ಮ ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿದ ನಮಗೆ ಅದು ಹೊಸದೆನಿಸದಿದ್ದರೆ ತಪ್ಪಿಲ್ಲ.

ನಿಜವಾದ ತಿರುವು 1976ರದು. ಆನ್ ರೈಸ್ ತನ್ನ ಕಾದಂಬರಿಯಲ್ಲಿ ವ್ಯಾಂಪೈರನ ಕೈಯಲ್ಲೇ ಅವನ ಕಥೆಯನ್ನು ಹೇಳಿಸಿದಳು. ಅಲ್ಲಿಯವರೆಗೆ ಅವನ ಬಗ್ಗೆ ಬೇರೆಯವರು ಬರೆದ ದಿನಚರಿ, ಪತ್ರ, ವರದಿಗಳಷ್ಟೇ ಹೆಚ್ಚಾಗಿ ನಮಗಿದ್ದವು. ಯಾರೇ ಆಗಲಿ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳತೊಡಗಿದರೆ ಕೇಳುವವರ ಮನಸ್ಸು ಅರ್ಧ ಕರಗಿದಂತೆಯೇ. 2005ರ ‘ಟ್ವೈಲೈಟ್’ ಕಾದಂಬರಿ ಬರುವ ಹೊತ್ತಿಗೆ ಅವನು ಹದಿನೇಳರ ಹುಡುಗನಾಗಿ, ಬಿಸಿಲಿನಲ್ಲಿ ಸಾಯುವ ಬದಲು ಮಿನುಗತೊಡಗಿ, ಮನುಷ್ಯರನ್ನು ಬಿಟ್ಟು ಕಾಡುಪ್ರಾಣಿಗಳ ರಕ್ತ ಕುಡಿಯುತ್ತಾನೆ. ಅಂಥವರು ತಮ್ಮನ್ನು ತಾವೇ ತಮಾಷೆಗೆ ‘ಸಸ್ಯಾಹಾರಿ’ಗಳು ಎಂದುಕೊಳ್ಳುತ್ತಾರೆ. ಈ ತಮಾಷೆಯನ್ನು ದಯವಿಟ್ಟು ಮಳವಳ್ಳಿಗೆ ತರಬೇಡಿ.

ಉತ್ತರ 2: ಮದ್ದೂರು ಕಡೆಯ ಮೇಷ್ಟ್ರು

ಮೇಡಂ ಅವರೇ, ನಿಮ್ಮ ಗೆಳತಿಯ ಮಾತನ್ನು ಒಪ್ಪಲಾರೆ. ಹೆಣ ಸುಡುವ ನಾಡು ಎನ್ನುವುದು ಅಗ್ರಹಾರದಿಂದ ನೋಡಿದವರ ಮಾತು. ನಮ್ಮ ಮಂಡ್ಯದ ಕಡೆ ಒಕ್ಕಲಿಗರಲ್ಲಿ ಹೂಳುವುದು ವಾಡಿಕೆ, ಲಿಂಗಾಯತರು ಕೂರಿಸಿ ಸಮಾಧಿ ಮಾಡುತ್ತಾರೆ, ಇನ್ನೂ ಅನೇಕ ಸಮುದಾಯಗಳಲ್ಲಿ ಮಣ್ಣು ಮಾಡುವುದೇ ಪದ್ಧತಿ. ತೋಟದ ಮೂಲೆಯಲ್ಲಿ ಅಜ್ಜನ ಗುಡ್ಡೆ ಇಲ್ಲದ ಮನೆಯನ್ನು ನಮ್ಮಲ್ಲಿ ಹುಡುಕಬೇಕು. ಹಾಗಾಗಿ ಏಳಬೇಕೆಂದರೆ ಹೆಣಗಳಿಗೇನೂ ಕೊರತೆಯಿಲ್ಲ.

ವ್ಯಾಂಪೈರ್ ಇಲ್ಲಿ ಹುಟ್ಟದಿರಲು ನನಗೆ ತೋರುವ ಕಾರಣ ಬೇರೆ. ನಮ್ಮಲ್ಲಿ ಹಸಿದ ಸತ್ತವನು ಪರಕೀಯನಲ್ಲ, ನೆಂಟ. ಅವನಿಗೆ ಹಸಿವಾಗುತ್ತದೆಂದು ನಾವು ಒಪ್ಪಿಕೊಂಡೇ ಇದ್ದೇವೆ. ಅದಕ್ಕಾಗಿಯೇ ಪಿತೃಪಕ್ಷದಲ್ಲಿ ಹೊಸ ಬಟ್ಟೆಯನ್ನೂ, ಅವನು ಬದುಕಿದ್ದಾಗ ಇಷ್ಟಪಡುತ್ತಿದ್ದ ಬಾಡಿನೆಸರನ್ನೂ, ಬೀಡಿಯನ್ನೂ, ಕೆಲವು ಮನೆಗಳಲ್ಲಿ ಒಂದು ಗುಟುಕು ಹೆಂಡವನ್ನೂ ಎಡೆಯಾಗಿಟ್ಟು ಧೂಪ ಹಾಕುತ್ತೇವೆ. ವರ್ಷಕ್ಕೊಮ್ಮೆ ಕರೆದು ಉಣ್ಣಿಸಿದವನು ಕಿಟಕಿಯಿಂದ ನುಗ್ಗಿ ಕುತ್ತಿಗೆಗೆ ಬಾಯಿ ಹಾಕುವುದೇಕೆ?

ಪದದ ತೊಡಕು ಇದಕ್ಕಿಂತ ದೊಡ್ಡದು. ‘ರಕ್ತ ಹೀರುವವನು’ ಎಂದು ನಮ್ಮೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಅವರು ತೋರಿಸುವುದು ಗೋರಿಯನ್ನಲ್ಲ, ಬಡ್ಡಿ ಸಾಹುಕಾರನ ಮನೆಯನ್ನು. ಕಬ್ಬಿನ ಬಾಕಿ ಹಣ ಬರುವುದು ತಡವಾದ ವರ್ಷಗಳಲ್ಲಿ ಆ ಮಾತಿನ ಬಿಸಿ ಇನ್ನೂ ಹೆಚ್ಚು. ಕಾರ್ಲ್ ಮಾರ್ಕ್ಸ್ ಕೂಡ ಬಂಡವಾಳವನ್ನು, ಬದುಕಿರುವವರ ದುಡಿಮೆಯನ್ನು ಹೀರಿ ಉಳಿಯುವ ವ್ಯಾಂಪೈರ್‌ಗೆ ಹೋಲಿಸಿದ್ದಾನೆ. ಕೋಟೆಯ ಒಡೆಯನಾದ ಡ್ರಾಕುಲಾ ಒಂದರ್ಥದಲ್ಲಿ ಊರಿನ ಧಣಿಯೇ ತಾನೇ? ಅಂಥವನನ್ನು ಹುಡುಗಿ ಪ್ರೀತಿಸಿದಳೆಂದು ಬರೆದರೆ ನಮ್ಮವರು ಅದನ್ನು ಪ್ರೇಮಕಥೆಯೆಂದು ಓದುವುದಿಲ್ಲ, ಸಾಲಕ್ಕೆ ಮಗಳನ್ನು ಕೊಟ್ಟ ಕಥೆಯೆಂದು ಓದುತ್ತಾರೆ. ನಿಮ್ಮ ನಾಯಕ ಕಾರ್ಖಾನೆಯ ಅಧಿಕಾರಿಯಂತೆ ಕಂಡದ್ದು ನಿಮ್ಮ ಬರವಣಿಗೆಯ ದೋಷವಲ್ಲ. ಭಾಷೆಯೇ ನಿಮಗೆ ಹಾಗೆ ತೋರಿಸಿದೆ.

ಬೇತಾಳನನ್ನು ಬಿಟ್ಟುಬಿಡಿ. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತರುವಾಗ ಬೇತಾಳನನ್ನೇ ‘ವ್ಯಾಂಪೈರ್’ ಎಂದು ಕರೆದ. ಹೆಣದೊಳಗೆ ಸೇರಿ ತಲೆಕೆಳಗಾಗಿ ನೇತಾಡುವುದಷ್ಟೇ ಸಾಕಾಯಿತೇನೋ. ನಮ್ಮ ಬೇತಾಳನಿಗೆ ಬೇಕಾಗಿರುವುದು ರಕ್ತವಲ್ಲ, ಸರಿಯಾದ ಉತ್ತರ. ಅವನು ಮೇಷ್ಟ್ರ ಜಾತಿಗೆ ಸೇರಿದವನು.

ಉತ್ತರ 3: ಪ್ರಾಣಿಶಾಸ್ತ್ರ ಓದಿದವನು, ಶ್ರೀರಂಗಪಟ್ಟಣ

ಒಂದು ಚಿಕ್ಕ ಸೇರ್ಪಡೆ. ನೇತಾಡುವ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ: ಕಥೆಯಲ್ಲಿ ಬಾವಲಿ ತರುವುದಾದರೆ ಅದಕ್ಕೆ ರಕ್ತ ಕುಡಿಸಬೇಡಿ. ರಕ್ತ ಕುಡಿಯುವ ಬಾವಲಿಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯವು. ನಮ್ಮ ಮರಗಳಲ್ಲಿ ಗುಂಪುಗುಂಪಾಗಿ ನೇತಾಡುವ ದೊಡ್ಡ ಬಾವಲಿಗಳು ಹಣ್ಣು ತಿನ್ನುವಂಥವು. ಅಲ್ಲದೆ, ಬಾವಲಿಯಿಂದ ವ್ಯಾಂಪೈರ್‌ಗೆ ಹೆಸರು ಬಂದದ್ದಲ್ಲ. ಯೂರೋಪಿನವರು ಆ ದೆವ್ವದ ಹೆಸರನ್ನೇ ಬಾವಲಿಗೆ ಇಟ್ಟರು.

ಉತ್ತರ 4: ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಮೇಷ್ಟ್ರು ಹೇಳಿದ ‘ನೆಂಟ’ ಎಂಬ ಮಾತು ನನಗೆ ಬಹಳ ಹಿಡಿಸಿತು. ಆದರೆ ಈ ಪುಸ್ತಕಗಳನ್ನು ಹದಿನೈದನೆಯ ವಯಸ್ಸಿನಲ್ಲಿ ದಿಂಬಿನಡಿ ಬಚ್ಚಿಟ್ಟುಕೊಂಡು ಓದಿದವಳಾಗಿ ಒಂದು ವಿಷಯವನ್ನು ಸೇರಿಸಬೇಕಾಗಿದೆ. ಅವುಗಳಲ್ಲಿ ನಮ್ಮನ್ನು ಸೆಳೆದದ್ದು ರಕ್ತವೂ ಅಲ್ಲ, ಕೋಟೆಯೂ ಅಲ್ಲ. ಕಚ್ಚಬಲ್ಲವನು ಕಚ್ಚದೆ ಇರುವುದು. ಬಸ್ಸಿನಲ್ಲಿ, ಬೀದಿಯಲ್ಲಿ ಕೈ ಚಾಚುವ ಗಂಡಸರನ್ನು ದಿನವೂ ತಪ್ಪಿಸಿಕೊಂಡು ಓಡಾಡುವ ಹುಡುಗಿಗೆ, ತನ್ನ ಹಸಿವಿಗೆ ತಾನೇ ಕಡಿವಾಣ ಹಾಕಿಕೊಂಡು ನಿಲ್ಲುವ ಗಂಡು ಎಷ್ಟು ದೊಡ್ಡ ಕನಸೆಂಬುದು ಹಿರಿಯರಿಗೆ ಬೇಗ ಹೊಳೆಯುವುದಿಲ್ಲ. ಇಂದು ಮತ್ತೆ ಓದಿದಾಗ, ‘ಟ್ವೈಲೈಟ್’ನ ಅದೇ ಹುಡುಗ ರಾತ್ರಿ ಅವಳ ಅರಿವಿಗೆ ಬಾರದಂತೆ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ ಎಂಬುದು ಕಣ್ಣಿಗೆ ಚುಚ್ಚುತ್ತದೆ. ಆಗ ಅದನ್ನು ಅಕ್ಕರೆ ಎಂದುಕೊಂಡಿದ್ದೆ. ಸ್ಟೋಕರ್‌ನ ಡ್ರಾಕುಲಾ ಕೂಡ ಮನೆಯವರೊಬ್ಬರು ಒಳಗೆ ಕರೆಯದೆ ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ; ಕಾಲ ಕಳೆದಂತೆ ವ್ಯಾಂಪೈರ್ ಸುಂದರನಾದ, ಆದರೆ ಆ ಒಂದು ಮರ್ಯಾದೆಯನ್ನು ಮರೆತ.

ಹೊಸ್ತಿಲಿನ ವಿಚಾರದಲ್ಲಿ ನಮ್ಮ ಜನರ ಜಾಣತನವೇ ಬೇರೆ. ತೊಂಬತ್ತರ ದಶಕದಲ್ಲಿ ಬಾಗಿಲು ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದದ್ದನ್ನು ನಮ್ಮಮ್ಮ ಇಂದಿಗೂ ನೆನೆಯುತ್ತಾರೆ. ಬರಬೇಡ ಎಂದರೆ ದೆವ್ವಕ್ಕೆ ಸಿಟ್ಟು, ಬಾ ಎಂದರೆ ನಮಗೆ ಅಪಾಯ; ಆದ್ದರಿಂದ ಸಾಲ ವಸೂಲಿಗೆ ಬಂದವನಿಗೆ ಹೇಳುವ ಮಾತನ್ನೇ ದೆವ್ವಕ್ಕೂ ಹೇಳಿದರು.

ಮೇಡಂ, ನಿಮ್ಮ ಕಥೆ ನಿಂತಿರುವುದಕ್ಕೆ ಇನ್ನೂ ಒಂದು ಕಾರಣವಿರಬಹುದು. ರಾತ್ರಿ ಬರುವ, ಮನುಷ್ಯನಲ್ಲದ, ಕಚ್ಚಿದರೆ ಸಾವೇ ಗತಿ ಎನ್ನುವಂಥ ಪ್ರೇಮಿಯ ಜಾಗ ಕನ್ನಡದಲ್ಲಿ ಖಾಲಿಯಿಲ್ಲ. ಅಲ್ಲಿ ನಾಗ ಕುಳಿತಿದ್ದಾನೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ‘ನಾಗಮಂಡಲ’ ಬರೆದರು. ಅದರಲ್ಲಿ ಹಗಲು ಗದರಿಸಿ ಬಾಗಿಲಿಗೆ ಬೀಗ ಹಾಕಿ ಹೋಗುವವನು ಗಂಡ; ರಾತ್ರಿ ಅದೇ ಗಂಡನ ರೂಪದಲ್ಲಿ ಬಂದು ಅವಳ ಮಾತು ಕೇಳುವವನು ಹಾವು. ವ್ಯಾಂಪೈರ್ ಕಾದಂಬರಿಗಳಲ್ಲಿ ಹುಡುಗಿ ಮನೆ ಬಿಟ್ಟು ಅಪರಿಚಿತನ ಲೋಕಕ್ಕೆ ಹೋಗುತ್ತಾಳೆ. ನಮ್ಮ ಕಥೆಯಲ್ಲಿ ಅಪರಿಚಿತನೇ ಗಂಡನ ಮುಖ ತೊಟ್ಟು ಮನೆಯೊಳಗೆ ಬರುತ್ತಾನೆ. ನನ್ನ ಮಟ್ಟಿಗೆ ನಮ್ಮದೇ ಹೆಚ್ಚು ಭಯಂಕರ, ಏಕೆಂದರೆ ಒಲಿದವನು ಯಾರೆಂದು ಅವಳಿಗೆ ಗೊತ್ತೇ ಇಲ್ಲ. ಸಿನಿಮಾದಲ್ಲೂ ನೋಡಿ, 1979ರ ನಮ್ಮ ಪ್ರಸಿದ್ಧ ದೆವ್ವದ ಚಿತ್ರದ ಹೆಸರು ‘ನಾ ನಿನ್ನ ಬಿಡಲಾರೆ’. ಭಿತ್ತಿಪತ್ರವನ್ನು ನೋಡದೆ ಹೆಸರಷ್ಟನ್ನೇ ಕೇಳಿದವರಿಗೆ ಅದು ಪ್ರೇಮಿಯ ಮಾತೋ ದೆವ್ವದ ಮಾತೋ ತಿಳಿಯುವುದಿಲ್ಲ.

ಉತ್ತರ 5: ನಿವೃತ್ತ ಗ್ರಂಥಪಾಲಕ, ಸರಸ್ವತೀಪುರಂ

ಬಿಳಿಚಿದ ಮುಖದ ಬಗ್ಗೆ ಹೇಳುವುದನ್ನು ಬಿಟ್ಟಿದ್ದೆ. ಅದರ ಹಿಂದೆ ಕ್ಷಯರೋಗವಿದೆ ಎನ್ನುವವರುಂಟು. ಅಮೆರಿಕದ ರೋಡ್ ಐಲೆಂಡಿನ ಎಕ್ಸಿಟರ್ ಎಂಬ ಊರಿನಲ್ಲಿ ಒಂದೇ ಮನೆಯ ತಾಯಿ, ಹಿರಿಯ ಮಗಳು, ಆಮೇಲೆ ಮರ್ಸಿ ಬ್ರೌನ್ ಎಂಬ ಹತ್ತೊಂಬತ್ತರ ಹುಡುಗಿ ಕ್ಷಯದಿಂದ ತೀರಿಕೊಂಡರು. ಮಗನೂ ಹಾಸಿಗೆ ಹಿಡಿದಾಗ, ಸತ್ತವರಲ್ಲಿ ಯಾರೋ ಅವನನ್ನು ಹೀರುತ್ತಿದ್ದಾರೆಂದು ನಂಬಿದ ಊರವರು 1892ರ ಮಾರ್ಚಿನಲ್ಲಿ ಮರ್ಸಿಯ ದೇಹವನ್ನು ಹೊರತೆಗೆದು, ಹೃದಯವನ್ನು ಸುಟ್ಟು, ಬೂದಿಯನ್ನು ಆ ಹುಡುಗನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಹೋದ. ಕ್ಷಯದ ರೋಗಾಣುವನ್ನು ಕೋಖ್ ಕಂಡುಹಿಡಿದು ಆಗಲೇ ಹತ್ತು ವರ್ಷವಾಗಿತ್ತು.

ನಮ್ಮೂರಿನಲ್ಲಿಯೂ ಆ ರೋಗ ಅರಮನೆಯ ಹೊಸ್ತಿಲನ್ನೇ ದಾಟಿತ್ತು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನು ಅದು ಬಲಿ ತೆಗೆದುಕೊಂಡಿತು. ಮೈಸೂರಿನ ಕ್ಷಯರೋಗ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲಿದೆ. ನಿಮ್ಮ ನಾಯಕನ ಮುಖ ಬಿಳಿಚಿರಲೇಬೇಕೆಂದಿದ್ದರೆ ಕೋಟಿಗಿಂತ ಕೆಮ್ಮು ಒಳ್ಳೆಯದು ಎಂದು ನನ್ನ ಸಲಹೆ.

ಪ್ರಶ್ನೆ ಕೇಳಿದವರು: ಕುವೆಂಪುನಗರದ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ಕೋಟನ್ನು ಬಿಚ್ಚಿಸಿದ್ದೇನೆ. ಕಥೆಯನ್ನು ಈಗ ಮಹಾಲಯ ಅಮಾವಾಸ್ಯೆಯ ಸಂಜೆಗೆ ತಂದಿದ್ದೇನೆ. ಅವನು ಬಾಗಿಲಲ್ಲಿ ನಿಂತಿದ್ದಾನೆ, ಕರೆಯದೆ ಒಳಗೆ ಬರಲಾರ. ಒಳಗಿನಿಂದ ಅಜ್ಜಿ ‘ಯಾರ ಮನೆಯವನಪ್ಪಾ ನೀನು?’ ಎಂದು ಕೇಳುತ್ತಾಳೆ. ಅವನಿಗೆ ಹೆಸರು ಬೇಕೆನ್ನುವ ತೊಡಕೂ ಅಲ್ಲಿಗೆ ತೀರಿತು, ಏಕೆಂದರೆ ಅವನು ಉತ್ತರ ಕೊಡುವುದಿಲ್ಲ. ಮೇಷ್ಟ್ರೇ, ಒಂದು ವಿವರ ಬೇಕಾಗಿದೆ. ನಾನು ಊರು ಬಿಟ್ಟು ನಲವತ್ತು ವರ್ಷವಾಯಿತು. ಎಡೆ ಇಟ್ಟ ಮೇಲೆ ಮನೆಯವರು ಅಲ್ಲಿಯೇ ಕೂರುತ್ತಾರೆಯೋ, ಎದ್ದು ಹೋಗುತ್ತಾರೆಯೋ?

ಉತ್ತರ 6: ಮದ್ದೂರು ಕಡೆಯ ಮೇಷ್ಟ್ರು

ಬೇರೆ ಮನೆಗಳ ಪದ್ಧತಿ ಬೇರೆ ಇರಬಹುದು, ನಮ್ಮ ಮನೆಯದನ್ನು ಹೇಳುತ್ತೇನೆ. ಧೂಪ ಹಾಕಿ, ಅಡ್ಡಬಿದ್ದು, ದೀಪವನ್ನು ಹಾಗೆಯೇ ಬಿಟ್ಟು ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಳ್ಳುತ್ತೇವೆ. ಮಕ್ಕಳನ್ನು ಕೂಡ ಒಳಗೆ ಬಿಡುವುದಿಲ್ಲ. ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು ಬದುಕಿರುವವರು ಜಗಲಿಯ ಮೇಲೆ ನಿಂತು ಕಾಯುತ್ತೇವೆ. ಆಮೇಲೆ ಮನೆಯ ಹಿರಿಯರು ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗುತ್ತಾರೆ.