ಓದುಗರ ಸ್ಪಂದನ: ರಾತ್ರಿ ಎರಡು ಗಂಟೆಯ ಬೆಲ್

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಓದುಗರೊಬ್ಬರು ಬರೆದಿದ್ದರು: "ಪಕ್ಕದ ಫ್ಲ್ಯಾಟಿನಲ್ಲಿ 78 ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಮಗ ಹೊರದೇಶದಲ್ಲಿ. ಮಾತ್ರೆ, ಗ್ಯಾಸು, ಬ್ಯಾಂಕು, ಎಲ್ಲದಕ್ಕೂ ನಾನೇ. ರಾತ್ರಿ ಎರಡು ಗಂಟೆಗೂ ಬೆಲ್ ಮಾಡುತ್ತಾರೆ. ನನಗೆ ಇಬ್ಬರು ಮಕ್ಕಳು, ಬೆಳಗಾದರೆ ಕೆಲಸ. ಹೋದ ವಾರ ಬೆಲ್ ಕೇಳಿಸಿದರೂ ಏಳಲಿಲ್ಲ. ಆ ಭಾನುವಾರ ಚರ್ಚಿನ ಪೂಜೆಯಲ್ಲಿ ಯೇಸು ಹೇಳಿದ ಸಮಾರ್ಯದವನ ಕಥೆಯನ್ನೇ ಓದಿದರು. ನಾನೂ ನೋಡಿ ದಾಟಿ ಹೋದವಳೇ ಅಲ್ವಾ?"

ತಂಗೀ, ನಿಮ್ಮ ಪತ್ರ ಓದಿದ ಮೇಲೆ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯ ತೆಗೆದು ಮತ್ತೆ ಓದಿದೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ. ಕಳ್ಳರು ಹೊಡೆದು ಬಿಸಾಡಿದ ಮನುಷ್ಯ. ಯಾಜಕ ನೋಡಿಯೂ ಹೋದ, ದೇವಾಲಯದ ಸೇವೆಯ ಲೇವಿಯೂ ಹೋದ. ಸಮಾರ್ಯದವನು ನಿಂತ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ. ಛತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿದ. ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ಬಿಟ್ಟುಬಿಡುತ್ತೇವೆ. ಮಾರನೇ ದಿನ ಏನಾಯಿತು ನೋಡಿ. ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ. ಆ ಕಾಲದ ಎರಡು ದಿನದ ಕೂಲಿ ಅದು. ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಅವನಿಗೂ ಪ್ರಯಾಣ ಇತ್ತು, ಕೆಲಸ ಇತ್ತು. ಛತ್ರದಲ್ಲೇ ಕೂತುಬಿಡಲಿಲ್ಲ. ಆದರೂ ಯೇಸು ಅವನನ್ನೇ ತೋರಿಸಿ, ನೀನೂ ಹೋಗಿ ಹಾಗೇ ಮಾಡು ಅಂದರು.

ನಿಮ್ಮ ಹತ್ತಿರ ಛತ್ರದವನಿಲ್ಲ. ತೊಂದರೆ ಇರುವುದು ಅಲ್ಲಿ, ನಿಮ್ಮ ಪ್ರೀತಿಯಲ್ಲಿ ಅಲ್ಲ. ನಾನು ನರ್ಸ್ ಆಗಿದ್ದವಳು. ಒಬ್ಬರೇ ಎಲ್ಲ ನೋಡಿಕೊಳ್ಳಲು ಹೋಗಿ ತಾವೇ ಹಾಸಿಗೆ ಹಿಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಕೆಳಗಿನ ಮನೆಯ ಅಜ್ಜನನ್ನು ನಾವು ನಾಲ್ಕು ಮನೆಯವರು ಹಂಚಿಕೊಂಡಿದ್ದೇವೆ. ಶನಿವಾರ ನಾನು ಏಳು ಖಾನೆಯ ಡಬ್ಬಿಗೆ ಮಾತ್ರೆ ತುಂಬುತ್ತೇನೆ. ಬೆಳಿಗ್ಗೆ ವಾಚ್‌ಮನ್ ಬಾಗಿಲು ತಟ್ಟಿ ಮಾತಾಡಿಸುತ್ತಾರೆ. ಒಂದು ಬುಧವಾರ ನೋಡಿದರೆ ಮಂಗಳವಾರದ ಖಾನೆ ಹಾಗೇ ತುಂಬಿತ್ತು. ನೀರಿಗೆ ಅಂತ ಎದ್ದು ಹೋಗಲು ಆಗಲಿಲ್ಲ ಮಗಾ, ಅಂದರು. ಅಷ್ಟೇ ವಿಷಯ! ಈಗ ಮಂಚದ ಪಕ್ಕ ಸ್ಟೂಲು, ಅದರ ಮೇಲೆ ಒಂದು ತಂಬಿಗೆ ನೀರು. ಆ ಅಜ್ಜಿಯ ಫೋನಿನ ಹತ್ತಿರ 108 ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಹಿರಿಯರಿಗೆಂದೇ ಇರುವ ಸಹಾಯವಾಣಿ 14567 ಕೂಡ ಬರೆಯಿರಿ.
– ನಿವೃತ್ತ ನರ್ಸ್, ಮಂಗಳೂರು

ಸಹೋದರಿ, ಅದೇ ಸುವಾರ್ತೆಯ ಹನ್ನೊಂದನೇ ಅಧ್ಯಾಯವನ್ನೂ ಓದಿ. ನಡುರಾತ್ರಿ ಒಬ್ಬ ಗೆಳೆಯನ ಮನೆಗೆ ಬಂದು ಮೂರು ರೊಟ್ಟಿ ಕೇಳುತ್ತಾನೆ. ಒಳಗಿರುವವನು, ಬಾಗಿಲು ಹಾಕಿದ್ದೇನೆ, ಮಕ್ಕಳು ನನ್ನ ಜೊತೆ ಮಲಗಿದ್ದಾರೆ, ಏಳಲು ಆಗುವುದಿಲ್ಲ ಅನ್ನುತ್ತಾನೆ. ನಿಮ್ಮ ಮನೆಯದೇ ಮಾತು! ಇದು ಪ್ರಾರ್ಥನೆಯ ಬಗ್ಗೆ ಹೇಳಿದ ಕಥೆ, ಗೊತ್ತು. ಆದರೂ ಮಕ್ಕಳ ಪಕ್ಕ ಮಲಗಿದವರಿಗೆ ರಾತ್ರಿ ಏಳುವುದು ಎಷ್ಟು ಕಷ್ಟ ಅಂತ ಯೇಸುವಿಗೆ ಚೆನ್ನಾಗಿ ಗೊತ್ತಿತ್ತು. ಒಂದು ರಾತ್ರಿ ಏಳಲಿಲ್ಲ ಅಂತ ಅಳಬೇಡಿ.
– ಶಾಲಾ ಶಿಕ್ಷಕ, ಹುಬ್ಬಳ್ಳಿ

ಮೇಡಂ, ನಾನು ಆ ಮಗನ ಜಾಗದಲ್ಲಿ ಇರುವವನು. ಅಮ್ಮ ಶಿವಮೊಗ್ಗದಲ್ಲಿ, ನಾನು ಟೊರೊಂಟೊದಲ್ಲಿ. ದಿನಾ ವಿಡಿಯೊ ಕಾಲ್ ಮಾಡುತ್ತೇನೆ, ದಿನಾ "ಚೆನ್ನಾಗಿದೀನಪ್ಪಾ" ಅನ್ನುತ್ತಾರೆ. ಬಚ್ಚಲಲ್ಲಿ ಎರಡು ಸಲ ಜಾರಿ ಬಿದ್ದಿದ್ದು ನನಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ, ಪಕ್ಕದ ಮನೆಯವರಿಂದ. ಅವರು ಪಾಪ, ಹೇಳಿದರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆ ಅಂತ ಸುಮ್ಮನಿದ್ದರಂತೆ. ದಯವಿಟ್ಟು ಆ ಮಗನಿಗೆ ಫೋನ್ ಮಾಡಿ, ಎಲ್ಲ ಹೇಳಿ. ರಾತ್ರಿ ಜೊತೆಗೆ ಮಲಗಲು ಒಬ್ಬರನ್ನು ಗೊತ್ತು ಮಾಡುವುದು, ಅವರಿಗೆ ಸಂಬಳ ಕೊಡುವುದು ಅವನ ಕೆಲಸ. ನೀವು ಹೇಳದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?
– ಓದುಗ, ಟೊರೊಂಟೊ

ನಿಮ್ಮ ಧರ್ಮಕೇಂದ್ರದಲ್ಲಿ, ಕಷ್ಟದಲ್ಲಿರುವವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಇದೆಯಾ, ಫಾದರ್ ಹತ್ತಿರ ಕೇಳಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಶುರು ಮಾಡಿದವರಲ್ಲಿ ಮುಖ್ಯನಾದ ಫ್ರೆಡರಿಕ್ ಓಝನಾಮ್‌ಗೆ ಆಗ 20 ವರ್ಷ, ಇನ್ನೂ ವಿದ್ಯಾರ್ಥಿ. ನಾವು ಮನೆ ಭೇಟಿಗೆ ಇಬ್ಬಿಬ್ಬರಾಗಿ ಹೋಗುತ್ತೇವೆ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ಇರುತ್ತಾರೆ. ಅಜ್ಜಿ ಯಾವ ಧರ್ಮದವರು ಅಂತ ನಾವು ಕೇಳುವುದಿಲ್ಲ.
– ಸಭೆಯ ಸದಸ್ಯ, ಉಡುಪಿ

ಮಗಳೇ, ನನಗೆ 74. ನಾನೂ ಒಬ್ಬಳೇ ಇರುವುದು. ರಾತ್ರಿ ಬೆಲ್ ಮಾಡುವುದು ಮಾತ್ರೆಗಲ್ಲ, ಭಯಕ್ಕೆ. ಹಗಲೆಲ್ಲ ಯಾರಿಗೂ ಬೇಡದವಳ ಹಾಗೆ ಕೂತಿದ್ದರೆ ಆ ಭಯ ಇನ್ನೂ ಜಾಸ್ತಿ. ನನ್ನ ಪಕ್ಕದ ಮನೆಯ ಹುಡುಗಿ ಬೀಗದಕೈ ನನ್ನ ಹತ್ತಿರವೇ ಇಟ್ಟು ಹೋಗುತ್ತಾಳೆ. ಅವಳ ಮಗ ಸ್ಕೂಲಿಂದ ಬಂದು ನಮ್ಮ ಮನೆಯಲ್ಲೇ ಹಾಲು ಕುಡಿಯುತ್ತಾನೆ. ನಿಮ್ಮ ಅಜ್ಜಿಗೂ ಏನಾದರೂ ಕೆಲಸ ಕೊಡಿ. ಅವರೆಕಾಯಿ ಕಾಲ ಬಂದರೆ ನನ್ನ ಪಕ್ಕದ ಮನೆಯ ಆ ಹುಡುಗಿ ನೆನೆಸಿದ ಕಾಳು ಒಂದು ಪಾತ್ರೆ ತಂದಿಟ್ಟು, "ಹಿತುಕಿ ಕೊಡ್ತೀರಾ ಆಂಟಿ" ಅನ್ನುತ್ತಾಳೆ. ಆ ರಾತ್ರಿ ನನಗೆ ಒಳ್ಳೇ ನಿದ್ದೆ.
– ಓದುಗರು, ಮೈಸೂರು